ಕುತ್ತಿಗೆಯ ಗಂಟು, ಕಂಕುಳ ಗಂಟು: ದುಗ್ಧ ಗ್ರಂಥಿಗಳು ಒಳಗೆ ಏನು ಮಾಡುತ್ತವೆ?

ಜಗಳೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ. ಗಂಟಲು ನೋವು, ಜ್ವರ ಬಂದು ಹೋಯಿತು. ಈಗ ಆಟ, ಊಟ ಎಲ್ಲ ಚೆನ್ನಾಗಿದೆ. ಆದರೆ ದವಡೆಯ ಕೆಳಗೆ ಎರಡೂ ಕಡೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಗಂಟು ಕೈಗೆ ಸಿಗುತ್ತದೆ. ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. "ಲಿಂಫ್ ನೋಡ್, ತಾನಾಗಿಯೇ ಇಳಿಯುತ್ತದೆ, ಒಂದು ತಿಂಗಳು ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ" ಎಂದರು. ನಮ್ಮತ್ತೆ ಸುಣ್ಣ ಬೆಲ್ಲ ಹಚ್ಚೋಣ ಅನ್ನುತ್ತಾರೆ. ಪಕ್ಕದ ಮನೆಯವರು ಗಂಡಮಾಲೆ, ಅಂದರೆ ಕುತ್ತಿಗೆಯ ಗ್ರಂಥಿಯ ಟಿಬಿ, ಇರಬಹುದು ಎಂದು ಹೆದರಿಸಿದ್ದಾರೆ. ಡಾಕ್ಟರ ಮಾತಿನ ಮೇಲೆ ನಂಬಿಕೆ ಇದೆ. ಆದರೂ ಈ ಗಂಟು ಅಂದರೆ ಏನು? ಜ್ವರ ಹೋದ ಮೇಲೂ ಯಾಕೆ ಇರುತ್ತದೆ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹೊಳಲ್ಕೆರೆ ನರ್ಸಿಂಗ್ ವಿದ್ಯಾರ್ಥಿನಿ

ಅಕ್ಕಾ, ಮೊದಲು ಸುಣ್ಣ ಹಚ್ಚಬೇಡಿ. ಮಕ್ಕಳ ಚರ್ಮ ಸುಡುತ್ತದೆ. ಗಂಟಿಗೆ ಅದರಿಂದ ಏನೂ ಆಗುವುದಿಲ್ಲ, ಮೇಲೊಂದು ಗಾಯ ಮಾತ್ರ ಉಳಿಯುತ್ತದೆ. ಪದೇ ಪದೇ ಹಿಸುಕಿ ನೋಡುವುದೂ ಬೇಡ. ಈ ವಿಷಯ ನನಗೂ ಪರೀಕ್ಷೆಗೆ ಇದೆ. ಪುಸ್ತಕದಲ್ಲಿ ಓದಿದ್ದೇನೆ, ಆದರೆ ಚಿತ್ರ ತಲೆಯಲ್ಲಿ ಕೂತಿಲ್ಲ. ಇಲ್ಲಿ ಅನಾಟಮಿ ಪಾಠ ಮಾಡಿದ ಮೇಷ್ಟ್ರು ಇದ್ದಾರಲ್ವಾ, ಅವರು ಬರೆದರೆ ಚೆನ್ನಾಗಿರುತ್ತದೆ.

ಅನಾಟಮಿ ಮೇಷ್ಟ್ರು, ದಾವಣಗೆರೆ

ತಾಯಿ, ನಿಮ್ಮ ಪ್ರಶ್ನೆ ಒಳ್ಳೆಯದು. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ರಕ್ತ ಮೈಯಲ್ಲಿ ಸುತ್ತುವಾಗ ಕೂದಲಿಗಿಂತ ಸಣ್ಣ ರಕ್ತನಾಳಗಳಿಂದ ನೀರು, ಸ್ವಲ್ಪ ಪ್ರೋಟೀನು ಹೊರಗೆ ಜಿನುಗುತ್ತದೆ. ಜೀವಕೋಶಗಳ ನಡುವಿನ ಸಂದಿಯಲ್ಲಿ ಆ ದ್ರವ ಹರಡಿಕೊಳ್ಳುತ್ತದೆ. ಅದು ಮತ್ತೆ ರಕ್ತಕ್ಕೆ ಸೇರಲೇಬೇಕು. ಸೇರದಿದ್ದರೆ ಕೈಕಾಲು ಊದುತ್ತದೆ. ಆ ದ್ರವವನ್ನು ಒಳಗೆ ಎಳೆದುಕೊಳ್ಳುವುದಕ್ಕೆ ಬೇರೆಯೇ ಒಂದು ನಾಳಗಳ ಜಾಲ ಇದೆ. ಅವೇ ದುಗ್ಧನಾಳಗಳು. ಒಳಗೆ ಹರಿಯುವ ತಿಳಿ ಹಳದಿ ದ್ರವವೇ ದುಗ್ಧರಸ, ಡಾಕ್ಟರುಗಳು ಲಿಂಫ್ ಅನ್ನುತ್ತಾರೆ. ದಿನಕ್ಕೆ ಸುಮಾರು 2ರಿಂದ 4 ಲೀಟರ್ ಹೀಗೆ ವಾಪಸು ರಕ್ತಕ್ಕೆ ಸೇರುತ್ತದೆ.

ಈ ನಾಳಗಳ ತುದಿ ಮುಚ್ಚಿರುತ್ತದೆ. ತುದಿಯ ಗೋಡೆಯ ಕೋಶಗಳು ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಿರುತ್ತವೆ. ಹೊರಗೆ ದ್ರವದ ಒತ್ತಡ ಹೆಚ್ಚಿದರೆ ಆ ಅಂಚು ಒಳಕ್ಕೆ ಸರಿದು ದಾರಿ ಬಿಡುತ್ತದೆ. ಒಳಗೆ ಬಂದದ್ದು ಹಿಂದಕ್ಕೆ ಹೋಗುವುದಿಲ್ಲ. ಸಂದಿಯಿಂದ ಹೊರಟ ದ್ರವದ ಜೊತೆ ಅಲ್ಲಿದ್ದ ಬ್ಯಾಕ್ಟೀರಿಯಾ, ವೈರಸ್, ಸತ್ತ ಕೋಶಗಳ ಚೂರು ಎಲ್ಲವೂ ಬರುತ್ತವೆ. ಅದನ್ನು ಹಾಗೇ ರಕ್ತಕ್ಕೆ ಸುರಿದರೆ ಅಪಾಯ. ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ದುಗ್ಧ ಗ್ರಂಥಿಗಳು, ನಿಮ್ಮ ಡಾಕ್ಟರು ಹೇಳಿದ ಲಿಂಫ್ ನೋಡ್‌ಗಳು. ಮೈಯಲ್ಲಿ ಸುಮಾರು 500ರಿಂದ 600 ಇವೆ. ಕುತ್ತಿಗೆ, ಕಂಕುಳು, ತೊಡೆಸಂದಿ, ಎದೆ ಮತ್ತು ಹೊಟ್ಟೆಯ ಒಳಗೆ ಗುಂಪುಗುಂಪಾಗಿರುತ್ತವೆ. ನಿಮ್ಮ ಮಗನ ದವಡೆಯ ಕೆಳಗೆ ಸಿಗುತ್ತಿರುವುದು ಅವುಗಳಲ್ಲಿ ಎರಡು. ಹೊಸದಾಗಿ ಹುಟ್ಟಿದ್ದಲ್ಲ, ಮೊದಲಿನಿಂದಲೂ ಅಲ್ಲೇ ಇದ್ದವು. ಈಗ ದೊಡ್ಡವಾಗಿ ಕೈಗೆ ಸಿಗುತ್ತಿವೆ, ಅಷ್ಟೇ.

ಗ್ರಂಥಿಯ ಒಳಗೆ ಏನಾಗುತ್ತದೆ ಎಂಬುದನ್ನು ರಾತ್ರಿ ಬರೆಯುತ್ತೇನೆ. ಅಸಲು ಸ್ವಾರಸ್ಯ ಅಲ್ಲಿದೆ.

ಮಲೇಬೆನ್ನೂರು ರೈತ

ಸರ್, ನಾವು ಭದ್ರಾ ನಾಲೆಯ ನೀರಿನಲ್ಲಿ ಭತ್ತ ಮಾಡುವವರು. ಕಾಲಿಗೆ ಮುಳ್ಳೋ ಗಾಜೋ ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ. ನಡೆಯಲು ಆಗುವುದಿಲ್ಲ. ಗಾಯ ಪಾದದಲ್ಲಿ, ಗಡ್ಡೆ ತೊಡೆಯಲ್ಲಿ. ಇದೂ ಅದೇನಾ?

ಅನಾಟಮಿ ಮೇಷ್ಟ್ರು, ದಾವಣಗೆರೆ

ಹೌದಣ್ಣ, ಅದೇ. ಪಾದದ ಮೇಲ್ಭಾಗ, ಹೆಬ್ಬೆರಳ ಕಡೆಯ ದುಗ್ಧರಸ ನೇರವಾಗಿ ತೊಡೆಸಂದಿಯ ಗ್ರಂಥಿಗೆ ಹೋಗುತ್ತದೆ. ಹಿಮ್ಮಡಿಯ ಹೊರಬದಿಯದ್ದು ಮೊದಲು ಮಂಡಿಯ ಹಿಂದಿನ ಗ್ರಂಥಿಗೆ ಹೋಗಿ ಆಮೇಲೆ ಮೇಲೇರುತ್ತದೆ. ಬೆರಳಿನ ಗಾಯಕ್ಕೆ ಕಂಕುಳು ಊದುತ್ತದೆ. ತಲೆಯಲ್ಲಿ ಹೇನು ಕಡಿದು ಹುಣ್ಣಾದ ಮಕ್ಕಳಿಗೆ ತಲೆಯ ಹಿಂಭಾಗದಲ್ಲಿ ಗಂಟು ಸಿಗುತ್ತದೆ. ಗಂಟಲಿನ ಸೋಂಕಿಗೆ ದವಡೆಯ ಕೆಳಗೆ. ಯಾವ ಜಾಗದ ನೀರು ಯಾವ ಗ್ರಂಥಿಗೆ ಎಂಬ ನಕ್ಷೆ ಗೊತ್ತಿದ್ದರೆ ಗಂಟು ಎಲ್ಲಿದೆ ಎಂಬುದರಿಂದಲೇ ಕಾಯಿಲೆ ಎಲ್ಲಿದೆ ಎಂದು ಹುಡುಕಬಹುದು. ಒಳ್ಳೆಯ ಡಾಕ್ಟರು ಗಂಟನ್ನು ಮುಟ್ಟಿದ ಕೂಡಲೇ ಬಾಯಿ ತೆರೆಸಿ, ತಲೆ ನೋಡಿ, ಪಾದ ನೋಡುವುದು ಇದಕ್ಕೇ.

ಒಂದು ಮಾತು ನೆನಪಿಡಿ. ಗಾಯದಿಂದ ಮೇಲಕ್ಕೆ ಕಾಲಿನ ಮೇಲೆ ಕೆಂಪು ಗೆರೆ ಏರುತ್ತಿದ್ದರೆ, ಚಳಿ ಜ್ವರ ಬಂದರೆ, ಸೋಂಕು ದುಗ್ಧನಾಳವನ್ನೇ ಹಿಡಿದಿದೆ ಎಂದರ್ಥ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬರೆ ಹಾಕಿಸುವುದು, ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ.

ಚಳ್ಳಕೆರೆ ಪಶುವೈದ್ಯ

ನಮ್ಮ ಕಡೆಯಿಂದ ಒಂದು ಮಾತು. ಮಿಶ್ರತಳಿ ಹಸುವಿಗೆ ಜೋರು ಜ್ವರ ಬಂದಾಗ ನಾವು ಮೊದಲು ಭುಜದ ಮುಂದೆ ಕೈ ಹಾಕುತ್ತೇವೆ. ಅಲ್ಲಿನ ದುಗ್ಧ ಗ್ರಂಥಿ ದಪ್ಪಗೆ ಊದಿದ್ದರೆ ರಕ್ತ ಹೀರುವ ಉಣ್ಣೆ ಕಚ್ಚಿ ಬರುವ ಥೈಲೇರಿಯಾ ರೋಗ ಎಂಬ ಅನುಮಾನ ಮೊದಲು ಬರುತ್ತದೆ. ಸೂಜಿ ಹಾಕಿ ರಸ ತೆಗೆದು ಗಾಜಿನ ಮೇಲೆ ನೋಡುತ್ತೇವೆ. ದನ, ಕುರಿ, ಮನುಷ್ಯ ಎಲ್ಲರಲ್ಲೂ ಈ ಏರ್ಪಾಡು ಒಂದೇ ತರಹ. ಗ್ರಂಥಿ ಮುಟ್ಟಿ ನೋಡುವ ಕೈ ಇದ್ದರೆ ಅರ್ಧ ರೋಗ ಗೊತ್ತಾಗುತ್ತದೆ.

ಅನಾಟಮಿ ಮೇಷ್ಟ್ರು, ದಾವಣಗೆರೆ

ಈಗ ಗ್ರಂಥಿಯ ಒಳಗೆ ಹೋಗೋಣ.

ಗ್ರಂಥಿ ಹುರುಳಿಬೀಜದ ಆಕಾರದಲ್ಲಿರುತ್ತದೆ. ಉಬ್ಬಿದ ಬದಿಯಿಂದ ಹಲವು ನಾಳಗಳು ದುಗ್ಧರಸ ತರುತ್ತವೆ, ತಗ್ಗಿನ ಬದಿಯಿಂದ ಒಂದೆರಡು ಹೊರಗೆ ಒಯ್ಯುತ್ತವೆ. ಬರುವ ದಾರಿ ಜಾಸ್ತಿ, ಹೋಗುವ ದಾರಿ ಕಡಿಮೆ. ಹಾಗಾಗಿ ರಸ ಒಳಗೆ ನಿಧಾನವಾಗುತ್ತದೆ. ಅಂಚಿನಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ಕೂತಿರುತ್ತವೆ. ಬಂದ ಕ್ರಿಮಿಗಳನ್ನು ಹಿಡಿದು ನುಂಗುತ್ತವೆ. ಇದು ಸೋಸುವ ಕೆಲಸ. ಆದರೆ ಗ್ರಂಥಿಯ ದೊಡ್ಡ ಕೆಲಸ ಇದಲ್ಲ.

ಗಂಟಲಿನ ಪೊರೆಯಲ್ಲಿ, ಚರ್ಮದಲ್ಲಿ ಡೆಂಡ್ರಿಟಿಕ್ ಕೋಶಗಳಿವೆ. ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಇವನ್ನು ಗುರುತಿಸಿದರು, 2011ರಲ್ಲಿ ನೊಬೆಲ್ ಬಂತು. ಕ್ರಿಮಿ ಸಿಕ್ಕಿದರೆ ಈ ಕೋಶ ಅದನ್ನು ನುಂಗಿ, ಒಡೆದು, ಅದರ ಸಣ್ಣ ಚೂರುಗಳನ್ನು ತನ್ನ ಮೈಮೇಲೆ ಇಟ್ಟುಕೊಂಡು ದುಗ್ಧನಾಳದೊಳಗೆ ಇಳಿದು ಗ್ರಂಥಿಗೆ ಬರುತ್ತದೆ. ಅಲ್ಲಿ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ರಕ್ತದಿಂದ ಬಂದು ಓಡಾಡುತ್ತಿರುತ್ತವೆ. ಒಂದೊಂದು ಟಿ ಕೋಶಕ್ಕೆ ಒಂದೊಂದೇ ಬಗೆಯ ಚೂರು ಗುರುತು ಸಿಗುತ್ತದೆ. ಒಂದು ನಿರ್ದಿಷ್ಟ ಚೂರನ್ನು ಗುರುತಿಸಬಲ್ಲ ಕೋಶ ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು. ಇಡೀ ಮೈಯಲ್ಲಿ ಅದು ಗಂಟಲಿಗೆ ಹೋಗಿ ಕ್ರಿಮಿಯನ್ನು ಹುಡುಕುವುದು ಸಾಧ್ಯವೇ ಇಲ್ಲ.

ನಮ್ಮ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತಂದ ರೈತ ಲೋಡನ್ನೆಲ್ಲ ಹೊತ್ತು ಅಂಗಡಿ ಅಂಗಡಿ ತಿರುಗುವುದಿಲ್ಲ. ಒಂದು ಹಿಡಿ ಮಾದರಿ ತೋರಿಸುತ್ತಾನೆ. ಖರೀದಿದಾರರು ಒಬ್ಬೊಬ್ಬರಾಗಿ ಬಂದು ನೋಡಿ ಮುಂದೆ ಹೋಗುತ್ತಾರೆ. ಬೇಕಾದವನು ನಿಲ್ಲುತ್ತಾನೆ. ಗ್ರಂಥಿಯಲ್ಲೂ ಹೀಗೆಯೇ. ಟಿ ಕೋಶಗಳು ಹತ್ತಿರ ಬಂದು ಮುಟ್ಟಿ ನೋಡಿ ಮುಂದೆ ಹೋಗುತ್ತವೆ. ತನ್ನದು ಸಿಗದ ಕೋಶ ಅರ್ಧ ದಿನವೋ ಒಂದು ದಿನವೋ ಅಡ್ಡಾಡಿ ಹೊರಗೆ ಹೋಗಿ ಇನ್ನೊಂದು ಗ್ರಂಥಿಗೆ ಹೋಗುತ್ತದೆ. ಹೊಂದಿಕೆಯಾದ ಕೋಶ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಒಡೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಲವೇ ದಿನಗಳಲ್ಲಿ ಸಾವಿರಾರು.

ಇದೇ ಹೊತ್ತಿಗೆ ಗ್ರಂಥಿಯ ಹೊರಪದರದಲ್ಲಿ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಬಿ ಕೋಶಗಳ ಕೆಲಸ ಶುರುವಾಗುತ್ತದೆ. ಅವು ಗುಂಪುಗೂಡಿ ಒಡೆಯುತ್ತವೆ, ತಮ್ಮ ಆಂಟಿಬಾಡಿಯನ್ನು, ಅಂದರೆ ಕ್ರಿಮಿಗೆ ಅಂಟಿಕೊಳ್ಳುವ ಪ್ರೋಟೀನನ್ನು, ಸ್ವಲ್ಪ ಸ್ವಲ್ಪ ಬದಲಾಯಿಸಿಕೊಳ್ಳುತ್ತವೆ. ಕ್ರಿಮಿಗೆ ಚೆನ್ನಾಗಿ ಅಂಟಿಕೊಳ್ಳುವ ಆಂಟಿಬಾಡಿ ಇದ್ದ ಕೋಶ ಉಳಿಯುತ್ತದೆ, ಇಲ್ಲದ್ದು ಸಾಯುತ್ತದೆ. ಉಳಿದವುಗಳಲ್ಲಿ ಕೆಲವು ಆಂಟಿಬಾಡಿ ಸುರಿಸುವ ಕೋಶಗಳಾಗುತ್ತವೆ. ಕೆಲವು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಕೋಶಗಳಾಗುತ್ತವೆ. ಲಸಿಕೆ ಹಾಕಿಸಿದಾಗ ನಾವು ಮಾಡುವುದು ಇಷ್ಟೇ: ಕಾಯಿಲೆ ಇಲ್ಲದೆ ಈ ಕೆಲಸ ಮಾಡಿಸುವುದು. ತೋಳಿಗೆ ಲಸಿಕೆ ಹಾಕಿಸಿದವರಿಗೆ ಅದೇ ಬದಿಯ ಕಂಕುಳು ಕೆಲವೊಮ್ಮೆ ಊದುವುದು ಈ ಕಾರಣಕ್ಕೇ.

ತಾಯಿ, ನಿಮ್ಮ ಪ್ರಶ್ನೆಗೆ ಬಂದೆ. ಸೋಂಕಿನ ಸುದ್ದಿ ಬಂದಾಗ ಗ್ರಂಥಿ ಎರಡು ಕೆಲಸ ಮಾಡುತ್ತದೆ. ರಕ್ತದಿಂದ ಒಳಗೆ ಬರುವ ಕೋಶಗಳ ಸಂಖ್ಯೆ ಹೆಚ್ಚಿಸುತ್ತದೆ. ಹೊರಗೆ ಹೋಗುವ ದಾರಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಯಾವ ಕೋಶವೂ ಮಾದರಿ ನೋಡದೆ ಹೋಗಬಾರದು ಎಂದು. ಜೊತೆಗೆ ಒಳಗಿನ ಕೋಶಗಳು ಒಡೆಯುತ್ತಿರುತ್ತವೆ. ಹಾಗಾಗಿ ಗ್ರಂಥಿ ದಪ್ಪಗಾಗುತ್ತದೆ, ಅದರ ಮೇಲಿನ ಪೊರೆ ಎಳೆದು ನೋವಾಗುತ್ತದೆ. ಕ್ರಿಮಿ ಸತ್ತ ಮೇಲೆ ಹೆಚ್ಚಾದ ಕೋಶಗಳು ಸಾಯಬೇಕು, ಚದುರಬೇಕು. ಅದಕ್ಕೆ ವಾರಗಳು ಬೇಕು. ಮಕ್ಕಳಲ್ಲಿ ಇನ್ನೂ ನಿಧಾನ, ಯಾಕೆಂದರೆ ಅವರು ದಿನಾ ಹೊಸ ಹೊಸ ಕ್ರಿಮಿ ನೋಡುತ್ತಿರುತ್ತಾರೆ. ಆರೋಗ್ಯವಾಗಿರುವ ಎಷ್ಟೋ ಮಕ್ಕಳ ಕುತ್ತಿಗೆಯಲ್ಲಿ ಸಣ್ಣ ಗಂಟು ಸಿಗುವುದು ಸಹಜ.

ಜಗಳೂರಿನ ತಾಯಿ

ಸರ್, ಓದುತ್ತಾ ಓದುತ್ತಾ ಧೈರ್ಯ ಬಂತು. ನಮ್ಮತ್ತೆಗೂ ಓದಿ ಹೇಳಿದೆ. ಆದರೂ ಒಂದು ಕೇಳುತ್ತೇನೆ, ಯಾವಾಗ ಹೆದರಬೇಕು?

ಚಿತ್ರದುರ್ಗದ ಅಣ್ಣ

ಇದಕ್ಕೆ ನಾನು ನಮ್ಮ ಮನೆಯ ವಿಷಯ ಹೇಳುತ್ತೇನೆ. ನನ್ನ ತಂಗಿಗೆ ಕುತ್ತಿಗೆಯ ಒಂದು ಬದಿಯಲ್ಲಿ ಗಂಟು ಬಂತು. ನೋವಿಲ್ಲ. ಒಂದು ಕ್ಲಿನಿಕ್‌ನಲ್ಲಿ ಪದೇ ಪದೇ ಆಂಟಿಬಯಾಟಿಕ್ ಕೊಟ್ಟರು. ಗಂಟು ಇಳಿಯಲಿಲ್ಲ, ಪಕ್ಕದಲ್ಲಿ ಇನ್ನೊಂದು ಬಂತು. ಎರಡೂ ಒಂದಕ್ಕೊಂದು ಅಂಟಿಕೊಂಡವು. ಸಂಜೆ ಸಣ್ಣ ಜ್ವರ, ತೂಕ ಇಳಿಯಿತು. ಯಾರೋ ಹೇಳಿದರು, ಸೂಜಿ ಚುಚ್ಚಿಸಿದರೆ ಹರಡುತ್ತದೆ ಅಂತ. ಅದಕ್ಕೆ ಮನೆಯವರು ತಡಮಾಡಿದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಸೂಜಿ ಪರೀಕ್ಷೆ ಮಾಡಿದರು. ಗ್ರಂಥಿಯ ಟಿಬಿ. ಆರು ತಿಂಗಳು ಸರ್ಕಾರದ ಮಾತ್ರೆ ತಿಂದಳು. ಈಗ ಗುಣವಾಗಿದ್ದಾಳೆ, ಮದುವೆಯೂ ಆಗಿದೆ. ಹೆದರಿಸಲು ಹೇಳುತ್ತಿಲ್ಲ. ಪರೀಕ್ಷೆಗೆ ಹೆದರಬೇಡಿ ಎಂದು ಹೇಳುತ್ತಿದ್ದೇನೆ.

ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ

ಅಣ್ಣ ಹೇಳಿದ್ದು ಸರಿ. ಎಫ್‌ಎನ್‌ಎಸಿ ಎಂದರೆ ರಕ್ತ ತೆಗೆಯುವಂಥ ಸಣ್ಣ ಸೂಜಿಯಿಂದ ಗಂಟಿನ ಒಳಗಿನ ಕೋಶಗಳನ್ನು ತೆಗೆದು ಗಾಜಿನ ಮೇಲೆ ಹಚ್ಚಿ ನೋಡುವುದು. ಟಿಬಿ ಅನುಮಾನ ಇದ್ದರೆ ಅದೇ ರಸವನ್ನು ಸಿಬಿನ್ಯಾಟ್ ಯಂತ್ರಕ್ಕೂ ಕಳಿಸುತ್ತಾರೆ. ಟಿಬಿ ಕ್ರಿಮಿ ಇದೆಯೇ, ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎರಡೂ ಗೊತ್ತಾಗುತ್ತದೆ. ಸೂಜಿಯಿಂದ ಟಿಬಿ ಮೈಗೆಲ್ಲ ಹರಡುತ್ತದೆ ಎನ್ನುವುದು ಸುಳ್ಳು. ಈ ಮಾತು ಕೇಳಿ ತಡಮಾಡಿದವರನ್ನು ನಾನು ನೋಡುತ್ತಲೇ ಇರುತ್ತೇನೆ, ಬೇಜಾರಾಗುತ್ತದೆ.

ಇನ್ನೊಂದು ವಿಷಯ. ಬರೀ ಗ್ರಂಥಿಯ ಟಿಬಿ ಇದ್ದು ಶ್ವಾಸಕೋಶದಲ್ಲಿ ಇಲ್ಲದಿದ್ದರೆ ಮನೆಯವರಿಗೆ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಔಷಧಿ ಶುರುವಾದ ಮೇಲೆ ಕೆಲವರಿಗೆ ಗಂಟು ಸ್ವಲ್ಪ ದೊಡ್ಡದಾಗುತ್ತದೆ, ಹೊಸದೂ ಬರಬಹುದು. ಔಷಧಿ ಕೆಲಸ ಮಾಡುತ್ತಿಲ್ಲ ಎಂದು ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಕೊಡುತ್ತಾರೆ, ಅದಕ್ಕೆ ಮೊದಲು 500 ಇತ್ತು.

ಅನಾಟಮಿ ಮೇಷ್ಟ್ರು, ದಾವಣಗೆರೆ

ಯಾವಾಗ ತೋರಿಸಬೇಕು ಎಂದು ಕೇಳಿದಿರಿ. ಗಂಟು ಎರಡು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ. ನಾಲ್ಕರಿಂದ ಆರು ವಾರವಾದರೂ ಇಳಿಯದಿದ್ದರೆ, ಬೆಳೆಯುತ್ತಲೇ ಇದ್ದರೆ. ಕಲ್ಲಿನಂತೆ ಗಟ್ಟಿಯಿದ್ದು ಬೆರಳಿಗೆ ಜಾರದೆ ಅಲ್ಲೇ ಅಂಟಿಕೊಂಡಿದ್ದರೆ. ಜೊತೆಗೆ ಬಹಳ ದಿನದ ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ತೂಕ ಇಳಿಕೆ ಇದ್ದರೆ. ಮತ್ತೆ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಗಂಟು ಬಂದರೆ ಸಣ್ಣದಾದರೂ ಕಾಯಬಾರದು.

ಈ ಕೊನೆಯದು ಯಾಕೆ ಎಂದು ತಿಳಿಯಲು ನಮ್ಮ ಮೈಯ ಅತಿ ದೊಡ್ಡ ದುಗ್ಧನಾಳ ಗೊತ್ತಿರಬೇಕು. ಅದರ ಹೆಸರು ಥೊರಾಸಿಕ್ ಡಕ್ಟ್. ಹೊಟ್ಟೆಯ ಹಿಂಭಾಗದಲ್ಲಿ, ಸೊಂಟದ ಮೊದಲ ಎರಡು ಬೆನ್ನುಮೂಳೆಗಳ ಮುಂದೆ ಒಂದು ಚೀಲದಂತೆ ಶುರುವಾಗುತ್ತದೆ. ಎದೆಯಲ್ಲಿ ಮಹಾಪಧಮನಿಗೂ ಅಜೈಗಸ್ ಅಭಿಧಮನಿಗೂ ನಡುವೆ ಮೇಲೇರುತ್ತದೆ. ಎದೆಯ ಐದನೇ ಮೂಳೆಯ ಹತ್ತಿರ ಎಡಕ್ಕೆ ದಾಟುತ್ತದೆ. ಕೊನೆಗೆ ಎಡ ಕುತ್ತಿಗೆಯ ಬುಡದಲ್ಲಿ, ಕೊರಳಿನ ಮತ್ತು ತೋಳಿನ ಅಭಿಧಮನಿಗಳು ಕೂಡುವ ಜಾಗದಲ್ಲಿ ರಕ್ತಕ್ಕೆ ಸೇರುತ್ತದೆ. ಉದ್ದ ಸುಮಾರು 38ರಿಂದ 45 ಸೆಂಟಿಮೀಟರ್. ಎರಡೂ ಕಾಲು, ಹೊಟ್ಟೆ, ಮೈಯ ಎಡ ಮೇಲ್ಭಾಗ ಎಲ್ಲದರ ದುಗ್ಧರಸ ಇದರಲ್ಲೇ ಬರುತ್ತದೆ. ಬಲ ತಲೆ, ಬಲ ಕೈ, ಬಲ ಎದೆಯದ್ದು ಮಾತ್ರ ಬಲಗಡೆಯ ಸಣ್ಣ ನಾಳಕ್ಕೆ. ಹಾಗಾಗಿ ಜಠರದ ಕ್ಯಾನ್ಸರ್ ಕೋಶಗಳು ಈ ದಾರಿ ಹಿಡಿದು ಎಡ ಕೊರಳೆಲುಬಿನ ಮೇಲೆ ಗಂಟಾಗಿ ಕಾಣಿಸಬಹುದು. ಹೊಟ್ಟೆಯ ರೋಗಕ್ಕೆ ಕುತ್ತಿಗೆಯಲ್ಲಿ ಗುರುತು!

ನರ್ಸಿಂಗ್ ಓದುತ್ತಿರುವ ತಂಗಿಗೆ: ಶವಚ್ಛೇದನದ ಟೇಬಲ್ ಮೇಲೆ ಈ ನಾಳ ಹುಡುಕುವುದು ಕಷ್ಟ. ಗೋಡೆ ತೆಳು, ಒಳಗಿನ ರಸಕ್ಕೆ ಎದ್ದು ಕಾಣುವ ಬಣ್ಣವಿಲ್ಲ, ಸತ್ತ ಮೇಲೆ ಮುದುಡಿರುತ್ತದೆ. ವೈದ್ಯರಿಗೆ ಈ ವ್ಯವಸ್ಥೆ ಅಷ್ಟು ತಡವಾಗಿ ಸರಿಯಾಗಿ ಕಂಡದ್ದೂ ಅದಕ್ಕೇ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಆಗಷ್ಟೇ ಊಟ ಮಾಡಿದ್ದ ನಾಯಿಯ ಹೊಟ್ಟೆ ತೆರೆದಾಗ ಕರುಳಿನ ಪೊರೆಯಲ್ಲಿ ಬಿಳಿ ಗೆರೆಗಳು ಕಂಡವು. ಹಸಿದ ನಾಯಿಯಲ್ಲಿ ಕಾಣುತ್ತಿರಲಿಲ್ಲ. ಅವು ಎಲ್ಲಿಗೆ ಹೋಗುತ್ತವೆ ಎಂದು ತೋರಿಸಿದವರು ಫ್ರಾನ್ಸಿನ ಜ್ಯಾಂ ಪೆಕೆ, 1651ರಲ್ಲಿ.

ಹೊಳಲ್ಕೆರೆ ನರ್ಸಿಂಗ್ ವಿದ್ಯಾರ್ಥಿನಿ

ಊಟ ಮಾಡಿದ ನಾಯಿಯಲ್ಲಿ ಮಾತ್ರ ಯಾಕೆ ಸರ್?

ಅನಾಟಮಿ ಮೇಷ್ಟ್ರು, ದಾವಣಗೆರೆ

ಕೊಬ್ಬಿನಿಂದ. ನಾವು ತಿಂದ ಬೆಣ್ಣೆದೋಸೆಯ ಅಕ್ಕಿಯ ಅಂಶ ಸಕ್ಕರೆಯಾಗಿ ರಕ್ತಕ್ಕೆ ಸೇರಿ ನೇರ ಯಕೃತ್ತಿಗೆ ಹೋಗುತ್ತದೆ. ಬೆಣ್ಣೆಯ ಹೆಚ್ಚಿನ ಕೊಬ್ಬು ಹಾಗಲ್ಲ. ಕರುಳಿನ ಕೋಶದಲ್ಲಿ ಸಣ್ಣ ಸಣ್ಣ ಹನಿಗಳಾಗಿ ಪೊಟ್ಟಣ ಕಟ್ಟಿಕೊಂಡು ಅಲ್ಲಿನ ದುಗ್ಧನಾಳಕ್ಕೆ ಇಳಿಯುತ್ತದೆ. ರಸ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದು ಥೊರಾಸಿಕ್ ಡಕ್ಟ್ ಹಿಡಿದು ಎಡ ಕುತ್ತಿಗೆಯಲ್ಲಿ ರಕ್ತಕ್ಕೆ ಬೀಳುತ್ತದೆ. ಯಕೃತ್ತಿಗೆ ಹೋಗುವುದು ಆಮೇಲೆ.

ಚಿತ್ರದುರ್ಗದ ಅಣ್ಣ

ಸರ್, ಹೃದಯ ಇಲ್ಲದೆ ಇಷ್ಟೆಲ್ಲ ಮೇಲಕ್ಕೆ ಹೇಗೆ ಹರಿಯುತ್ತದೆ? ಮೊಬೈಲಿನಲ್ಲಿ ಜಾಹೀರಾತು ಬರುತ್ತಿರುತ್ತದೆ, ಲಿಂಫ್ ಮಸಾಜ್ ಮಾಡಿಸಿದರೆ ಮೈಯ ವಿಷ ಎಲ್ಲ ಹೊರಗೆ ಹೋಗುತ್ತದೆ ಅಂತ. ನಿಜವೇ?

ಫಿಸಿಯೋ ಮೇಡಂ, ವಿದ್ಯಾನಗರ

ಇದಕ್ಕೆ ನಾನು ಉತ್ತರಿಸುತ್ತೇನೆ. ದೊಡ್ಡ ದುಗ್ಧನಾಳಗಳ ಗೋಡೆಯಲ್ಲಿ ಸ್ನಾಯು ಇದೆ. ನಿಮಿಷಕ್ಕೆ ಕೆಲವು ಸಲ ತಾನಾಗಿಯೇ ಹಿಂಡುತ್ತದೆ. ಒಳಗೆ ಕವಾಟಗಳಿವೆ, ಹಾಗಾಗಿ ರಸ ಒಂದೇ ಕಡೆಗೆ ಹೋಗುತ್ತದೆ. ನಡೆದಾಗ ಕಾಲಿನ ಸ್ನಾಯು ಒತ್ತುತ್ತದೆ. ಉಸಿರು ಎಳೆದಾಗ ಎದೆಯೊಳಗೆ ಒತ್ತಡ ಇಳಿದು ರಸ ಮೇಲಕ್ಕೆ ಬರುತ್ತದೆ. ಬೆಂಗಳೂರಿನ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಪಾದ ಊದುವುದಕ್ಕೆ ಇದೂ ಒಂದು ಕಾರಣ.

ಆರೋಗ್ಯವಾಗಿರುವವರಿಗೆ ವಿಷ ತೆಗೆಯುವ ಮಸಾಜ್ ಎಂಬುದು ಇಲ್ಲ. ಆ ಕೆಲಸ ಯಕೃತ್ತು, ಮೂತ್ರಪಿಂಡ ಮಾಡುತ್ತವೆ. ದುಗ್ಧರಸ ಹೊರಗೆ ಹೋಗುವುದೂ ಇಲ್ಲ, ರಕ್ತಕ್ಕೇ ವಾಪಸು ಬರುತ್ತದೆ. ಸುಮ್ನೆ ದುಡ್ಡು ಕಳೆಯಬೇಡಿ. ಆದರೆ ದುಗ್ಧನಾಳ ಕೆಟ್ಟು ಕೈಕಾಲು ಊದಿದವರಿಗೆ ತರಬೇತಿ ಪಡೆದವರು ಮಾಡುವ ಹಗುರ ಮಸಾಜ್ ಇದೆ. ಅದು ಚಿಕಿತ್ಸೆಯ ಒಂದು ಭಾಗ, ಜೊತೆಗೆ ಒತ್ತುಪಟ್ಟಿ, ವ್ಯಾಯಾಮ, ಚರ್ಮದ ಆರೈಕೆ ಇರಲೇಬೇಕು. ಸೋಂಕು ಇರುವ ಗಂಟನ್ನು ಮಾತ್ರ ಯಾರೂ ತಿಕ್ಕಬಾರದು.

ಮಲೇಬೆನ್ನೂರು ರೈತ

ಆನೆಕಾಲು ರೋಗವೂ ಇದರಿಂದಲೇ ಬರುವುದಾ ಮೇಡಂ? ಗದ್ದೆ ಕೆಲಸದವರಿಗೆ ಭಯ ಇದೆ.

ಫಿಸಿಯೋ ಮೇಡಂ, ವಿದ್ಯಾನಗರ

ಹೌದು ಅಣ್ಣ. ಕ್ಯೂಲೆಕ್ಸ್ ಸೊಳ್ಳೆ ಕಚ್ಚಿದಾಗ ಬರುವ ಸಣ್ಣ ಹುಳು ದುಗ್ಧನಾಳದೊಳಗೆ ವರ್ಷಗಟ್ಟಲೆ ಬದುಕುತ್ತದೆ. ನಾಳ ಹಿಗ್ಗಿ ಕವಾಟ ಕೆಡುತ್ತದೆ. ರಸ ಕೆಳಗೇ ನಿಲ್ಲುತ್ತದೆ. ಆಮೇಲೆ ಪದೇ ಪದೇ ಸೋಂಕಾಗಿ ಚರ್ಮ ದಪ್ಪಗಾಗುತ್ತದೆ. ನಮ್ಮ ರಾಜ್ಯದಲ್ಲಿ ಇದು ಕಲಬುರಗಿ, ಬೀದರ್, ಯಾದಗಿರಿ ಕಡೆ ಮತ್ತು ಕರಾವಳಿಯಲ್ಲಿ ಜಾಸ್ತಿ. ಮರಿಹುಳುಗಳು ರಾತ್ರಿ ರಕ್ತಕ್ಕೆ ಬರುತ್ತವೆ, ಅದಕ್ಕೇ ರಕ್ತ ಪರೀಕ್ಷೆಗೆ ರಾತ್ರಿ ಹೊತ್ತು ಬರುತ್ತಾರೆ. ಗದ್ದೆಯ ನೀರಿನಿಂದ ಬರುವುದಿಲ್ಲ.

ಹೊಳಲ್ಕೆರೆ ನರ್ಸಿಂಗ್ ವಿದ್ಯಾರ್ಥಿನಿ

ಥೈಮಸ್, ಗುಲ್ಮ (ಸ್ಪ್ಲೀನ್), ಟಾನ್ಸಿಲ್ ಇವೂ ಇದೇ ಪಾಠದಲ್ಲಿ ಬರುತ್ತವೆ. ಚುಟುಕಾಗಿ ಹೇಳುತ್ತೀರಾ ಸರ್?

ಅನಾಟಮಿ ಮೇಷ್ಟ್ರು, ದಾವಣಗೆರೆ

ಥೈಮಸ್ ಎದೆಮೂಳೆಯ ಹಿಂದೆ ಇದೆ. ಟಿ ಕೋಶಗಳು ಮೂಳೆಮಜ್ಜೆಯಲ್ಲಿ ಹುಟ್ಟಿ ಇಲ್ಲಿಗೆ ಬಂದು ಪಳಗುತ್ತವೆ. ನಮ್ಮ ಮೈಯ ಮೇಲೆಯೇ ತಿರುಗಿಬೀಳುವ ಕೋಶಗಳನ್ನು, ಯಾವುದನ್ನೂ ಗುರುತಿಸದ ಕೋಶಗಳನ್ನು ಇಲ್ಲೇ ಸಾಯಿಸಲಾಗುತ್ತದೆ. ಬಂದವುಗಳಲ್ಲಿ ನೂರಕ್ಕೆ ಐದೂ ಹೊರಗೆ ಹೋಗುವುದಿಲ್ಲ. ಹದಿಹರೆಯದ ನಂತರ ಥೈಮಸ್ ಕುಗ್ಗಿ ಕೊಬ್ಬಾಗುತ್ತದೆ. ಇದು ಕೆಲಸಕ್ಕೆ ಬಾರದ ಅಂಗ ಎಂದೇ ಎಷ್ಟೋ ಜನ ತಿಳಿದಿದ್ದರು. 1961ರಲ್ಲಿ ಜ್ಯಾಕ್ ಮಿಲ್ಲರ್ ಮರಿ ಇಲಿಗಳಲ್ಲಿ ಅದನ್ನು ತೆಗೆದು ನೋಡಿದಾಗ ಅದರ ಬೆಲೆ ಗೊತ್ತಾಯಿತು.

ಗುಲ್ಮ ಎಡ ಪಕ್ಕೆಲುಬಿನ ಕೆಳಗಿದೆ, ತೂಕ ಸುಮಾರು 150 ಗ್ರಾಂ. ಇದು ಸೋಸುವುದು ದುಗ್ಧರಸವನ್ನಲ್ಲ, ರಕ್ತವನ್ನು. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ. ಅಪಘಾತದಲ್ಲಿ ಗುಲ್ಮ ಒಡೆದು ತೆಗೆಸಿಕೊಂಡವರು ನ್ಯುಮೋಕಾಕಸ್, ಮೆನಿಂಜೋಕಾಕಸ್, ಹಿಬ್ ಲಸಿಕೆ ಹಾಕಿಸಿಕೊಳ್ಳಬೇಕು. ಅವರಿಗೆ ಜ್ವರ ಬಂದರೆ ನಾಳೆ ನೋಡೋಣ ಎನ್ನಬಾರದು.

ಟಾನ್ಸಿಲ್, ಸಣ್ಣ ಕರುಳಿನ ಕೊನೆಯ ಭಾಗದ ಪೇಯರ್ ತೇಪೆಗಳು, ಅಪೆಂಡಿಕ್ಸ್ ಇವೆಲ್ಲ ಬಾಯಿ ಮತ್ತು ಕರುಳಿನಿಂದ ಬರುವುದನ್ನು ನೋಡಿಕೊಳ್ಳುತ್ತವೆ. ಮಿದುಳಿನಲ್ಲಿ ದುಗ್ಧನಾಳವೇ ಇಲ್ಲ ಎಂದು ನಾನು ವರ್ಷಗಟ್ಟಲೆ ಪಾಠ ಮಾಡಿದೆ, ಆಗಿನ ಪುಸ್ತಕಗಳೆಲ್ಲ ಹಾಗೇ ಹೇಳುತ್ತಿದ್ದವು. 2015ರಲ್ಲಿ ಇಲಿಯ ಮಿದುಳಿನ ಹೊರಪೊರೆಯಲ್ಲಿ ಅವು ಇರುವುದನ್ನು ವಿಜ್ಞಾನಿಗಳು ತೋರಿಸಿದರು. ಆಮೇಲೆ ಮನುಷ್ಯರಲ್ಲೂ ಕಂಡವು. ಹೊಸ ಪುಸ್ತಕ ಓದಿ ತಂಗಿ.

ಹರಿಹರದ ಅಕ್ಕ

ತಡವಾಗಿ ಬಂದೆ. ಫಿಸಿಯೋ ಮೇಡಂ ಅವರಿಗೆ ಒಂದು ಪ್ರಶ್ನೆ. ನನ್ನ ಅಕ್ಕನಿಗೆ ಎದೆಯ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಈಗ ಆ ಕೈ ಊದುತ್ತಿದೆ, ಬಳೆ ಹೋಗುವುದಿಲ್ಲ. ಮನೆಯವರು ಕೈ ಅಲ್ಲಾಡಿಸಬೇಡ, ರೊಟ್ಟಿ ಬಡಿಯಬೇಡ ಅನ್ನುತ್ತಾರೆ. ಹೊಲಕ್ಕೂ ಬಿಡುತ್ತಿಲ್ಲ. ಅವಳು ಕೂತು ಅಳುತ್ತಾಳೆ.

ಫಿಸಿಯೋ ಮೇಡಂ, ವಿದ್ಯಾನಗರ

ಅಕ್ಕಾ, ಕೈ ಅಲ್ಲಾಡಿಸದೆ ಇಟ್ಟರೆ ಊತ ಹೆಚ್ಚುತ್ತದೆ. ಗ್ರಂಥಿ ತೆಗೆದ ಮೇಲೆ ರಸಕ್ಕೆ ಉಳಿದಿರುವ ದಾರಿ ಕಡಿಮೆ. ಆ ಕಡಿಮೆ ದಾರಿಯಲ್ಲೇ ಅದನ್ನು ತಳ್ಳಬೇಕಾದದ್ದು ಕೈಯ ಸ್ನಾಯು. ರೊಟ್ಟಿ ಬಡಿಯಲಿ, ಮೊದಲು ಎರಡು, ಆಮೇಲೆ ನಿಧಾನವಾಗಿ ಹೆಚ್ಚಿಸಲಿ. ಒಂದೇ ದಿನ ತುಂಬಾ ಮಾಡುವುದು ಬೇಡ. ಕೈಯ ಅಳತೆ ತೆಗೆದು ಹೊಲಿದ ಒತ್ತುತೋಳು ಸಿಗುತ್ತದೆ, ಹಗಲು ಹಾಕಿಕೊಳ್ಳಲಿ. ಅಂಗಡಿಯಲ್ಲಿ ಸಿಗುವ ಬಿಗಿ ಪಟ್ಟಿಯನ್ನು ಅಳತೆ ಇಲ್ಲದೆ ಹಾಕಬೇಡಿ. ಹೊಲಕ್ಕೂ ಹೋಗಬಹುದು, ಆದರೆ ಹತ್ತಿ ಬಿಡಿಸುವಾಗ ಉದ್ದ ತೋಳಿನ ಅಂಗಿ, ಕೈಗವಸು ಇರಲಿ. ಸಣ್ಣ ಗೀರು ಆದರೂ ಸೋಪಿನಿಂದ ತೊಳೆಯಲಿ. ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮ ಒಡೆಯುವುದಿಲ್ಲ. ಕೈ ಕೆಂಪಾಗಿ ಬಿಸಿಯಾಗಿ ಚಳಿ ಜ್ವರ ಬಂದರೆ ಒತ್ತುತೋಳು ತೆಗೆದು ಅವತ್ತೇ ಡಾಕ್ಟರಿಗೆ ತೋರಿಸಿ. ಮುಂದಿನ ವಾರ ಅಕ್ಕನನ್ನು ಕರೆದುಕೊಂಡು ಯಾವುದಾದರೂ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ, ಎರಡೂ ಕೈಗಳ ಸುತ್ತಳತೆ ಬರೆಸಿಕೊಳ್ಳಿ. ಆಮೇಲೆ ಊತ ಇಳಿಯಿತೋ ಇಲ್ಲವೋ ಎಂದು ಟೇಪಿನಲ್ಲೇ ನೋಡಬಹುದು.